ಅಮ್ಮನ ದಿವಾನದವರೆಗೆ ಮಾತು ಮುಟ್ಟಬೇಕು: ಪ್ಯಾಸಿವ್ ಸೌಂಡ್‌ಬಾರ್, ಸಬ್‌ವೂಫರ್ ಕಟ್ಟಿದ ಕಥೆ

ಕಳೆದ ವರ್ಷ ಮೇ ತಿಂಗಳ ಅಡ್ಡಮಳೆಯಲ್ಲಿ ಸಿಡಿಲು ಬಡಿದು ನಮ್ಮ ಮನೆಯ ಸೌಂಡ್‌ಬಾರ್ ಸತ್ತುಹೋಯಿತು. ಮಲೆನಾಡಿನ ಸಾಗರದ ಕಡೆ ಇದೇನೂ ಹೊಸದಲ್ಲ. ಗುಡುಗು ಶುರುವಾದ ಕೂಡಲೇ ಅಮ್ಮ ಮನೆಯಿಡೀ ಓಡಾಡಿ ಪ್ಲಗ್ ಕಿತ್ತು ಹಾಕುತ್ತಾಳೆ. ಆ ದಿನ ಮನೆಯಲ್ಲಿ ಯಾರೂ ಇರಲಿಲ್ಲ. ಸರ್ವಿಸ್ ಸೆಂಟರಿಗೆ ಒಯ್ದರೆ, "ಇದರ ಬೋರ್ಡ್ ಈಗ ಬರೋದಿಲ್ಲ ಸಾರ್, ಹೊಸದೇ ತಗೊಳ್ಳಿ" ಅಂದರು. ಮನೆಗೆ ತಂದು ಬಿಚ್ಚಿದೆ. ಒಳಗಿದ್ದ ಆರು ಪುಟ್ಟ ಸ್ಪೀಕರುಗಳ ತಂತಿಗೆ ಒಂದೂವರೆ ವೋಲ್ಟಿನ ಸೆಲ್ ಒಂದೊಂದಾಗಿ ತಾಗಿಸಿದೆ. ಆರೂ 'ಟಕ್' ಅಂದವು. ಆರೂ ಸರಿಯಾಗಿವೆ, ಪೆಟ್ಟಿಗೆ ಸರಿಯಾಗಿದೆ, ಅಂಗೈಯಗಲದ ಒಂದು ಬೋರ್ಡ್ ಸುಟ್ಟಿದೆ. ಅದೊಂದು ಸಿಗದ ಕಾರಣಕ್ಕೆ ಇಡೀ ಸಾಮಾನು ಗುಜರಿಗೆ. ನನಗೆ ನಿಜವಾಗಿಯೂ ಸಂಕಟವಾಯಿತು.

ಅವತ್ತೇ ತೀರ್ಮಾನ ಮಾಡಿದೆ: ಇನ್ನು ಮುಂದೆ ಆಂಪ್ಲಿಫೈಯರ್ ಬೇರೆ, ಸ್ಪೀಕರ್ ಬೇರೆ. ಪ್ಯಾಸಿವ್ ಸೌಂಡ್‌ಬಾರ್ ಅಂದರೆ ಅಷ್ಟೇ. ಒಳಗೆ ಕರೆಂಟಿನ ಬೋರ್ಡ್ ಇಲ್ಲ, ಬ್ಲೂಟೂತ್ ಇಲ್ಲ, ರಿಮೋಟ್ ಇಲ್ಲ. ಎಡ, ನಡು, ಬಲ ಮೂರೂ ಸ್ಪೀಕರುಗಳನ್ನು ಒಂದೇ ಉದ್ದನೆಯ ಪೆಟ್ಟಿಗೆಯಲ್ಲಿ ಕೂರಿಸಿ ಹಿಂದೆ ಮೂರು ಜೊತೆ ಟರ್ಮಿನಲ್ ಕೊಟ್ಟಿರುತ್ತಾರೆ. ಶಕ್ತಿ ಬರುವುದು ಎವಿ ರಿಸೀವರಿನಿಂದ, ಅಂದರೆ ಟಿವಿಯ ಸದ್ದನ್ನು ಪಡೆದು ಸ್ಪೀಕರುಗಳಿಗೆ ಹಂಚುವ ಆಂಪ್ಲಿಫೈಯರ್ ಪೆಟ್ಟಿಗೆಯಿಂದ. ರಿಸೀವರ್ ಕೆಟ್ಟರೆ ಅದನ್ನು ಬದಲಿಸಬಹುದು, ಸ್ಪೀಕರ್ ಹರಿದರೆ ಅದೊಂದನ್ನೇ ಬದಲಿಸಬಹುದು. ಹತ್ತು ವರ್ಷದ ನಂತರ ಹೊಸ ಮಾದರಿಯ ರಿಸೀವರ್ ಬಂದರೂ ಒಂದೊಂದು ಸ್ಪೀಕರಿಗೆ ಅದೇ ಎರಡು ತಂತಿ ಸಾಕು.

ಸಿದ್ಧ ಮಾಲು ಇಲ್ಲವೆಂದಲ್ಲ. ಕೆಇಎಫ್, ಮಾನಿಟರ್ ಆಡಿಯೊದಂಥ ಬ್ರಿಟಿಷ್ ಕಂಪನಿಗಳು ಇಂಥ ಬಾರ್ ಮಾಡಿವೆ. ಅಮೆರಿಕದ ಲಿಯಾನ್ ಎಂಬ ಕಂಪನಿ ಟಿವಿಯ ಅಗಲಕ್ಕೆ ಸರಿಯಾಗಿ ಅಳತೆ ತೆಗೆದುಕೊಂಡೇ ಕಟ್ಟಿಕೊಡುತ್ತದೆ. ನಮ್ಮೂರಿನ ಅಂಗಡಿಯಲ್ಲಿ ಅವು ಕಣ್ಣಿಗೂ ಬೀಳುವುದಿಲ್ಲ, ತರಿಸಿದರೆ ಬೆಲೆ ನನ್ನ ಕೈಗೆಟುಕುವುದಲ್ಲ. ಪ್ಲೈವುಡ್ ಇದೆ, ಗೊತ್ತಿರುವ ಆಚಾರ್ರು ಇದ್ದಾರೆ, ಸೋಲ್ಡರಿಂಗ್ ನನಗೆ ಬರುತ್ತದೆ. ಕಟ್ಟುವುದೆಂದು ಹೊರಟೆ.

ಮೊದಲು ಕೇಳಿಕೊಂಡ ಪ್ರಶ್ನೆ ಒಂದೇ: ಇದು ಯಾರಿಗಾಗಿ? ನಮ್ಮ ಮನೆಯಲ್ಲಿ ಟಿವಿ ಹೆಚ್ಚು ನೋಡುವವಳು ಅಮ್ಮ. ಅವಳಿಗೆ ಬೇಕಾದ್ದು ಯಕ್ಷಗಾನ, ಅದಕ್ಕಿಂತ ಹೆಚ್ಚಾಗಿ ತಾಳಮದ್ದಳೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಹಾಡು, ಮದ್ದಳೆ ಬಿಟ್ಟರೆ ಅರ್ಥಧಾರಿಗಳ ಮಾತೇ ಎಲ್ಲ. ಆ ಮಾತಿನಲ್ಲಿ ಒಂದು ಅಕ್ಷರ ತಪ್ಪಿದರೂ ವಾದದ ಎಳೆ ಕೈಬಿಡುತ್ತದೆ. ಮೇಲಾಗಿ ಅಮ್ಮ ಕೂರುವುದು ಟಿವಿಯ ಎದುರಿನ ಸೋಫಾದಲ್ಲಲ್ಲ, ಪಕ್ಕದ ಗೋಡೆಗೆ ತಾಗಿದ ದಿವಾನದ ಮೇಲೆ. ಹಳೆಯ ಬಾರ್ ಇದ್ದಾಗಲೂ ಅವಳದು ಒಂದೇ ದೂರು: "ಶಬ್ದ ಬರ್ತದೆ ಮಾರಾಯ, ಮಾತು ಬರೋದಿಲ್ಲ." ಆಗ ನಾನದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿದ್ದೆ. ಅದು ತಪ್ಪು ಎಂದು ಈ ಕೆಲಸ ನನಗೆ ತೋರಿಸಿತು.

ಹಾಲ್ ಹದಿನಾಲ್ಕು ಅಡಿ ಉದ್ದ, ಹನ್ನೊಂದು ಅಡಿ ಅಗಲ, ಹತ್ತು ಅಡಿ ಎತ್ತರ. ಹನ್ನೊಂದು ಅಡಿಯ ಗೋಡೆಯಲ್ಲಿ 55 ಇಂಚಿನ ಟಿವಿ. ಅದರ ಅಗಲ ಸುಮಾರು 122 ಸೆಂಟಿಮೀಟರ್, ಹಾಗಾಗಿ ಬಾರ್ 120 ಸೆಂ.ಮೀ. ಎಂದು ಗೊತ್ತುಮಾಡಿದೆ. ಎಡ ಬಲದ ಸ್ಪೀಕರುಗಳನ್ನು ತುದಿಗೆ ತಳ್ಳಿದರೂ ನಡುವಿನ ಅಂತರ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಒಂಬತ್ತು ಅಡಿ ದೂರದ ಸೋಫಾದಿಂದ ನೋಡಿದರೆ ಅದು ಇಪ್ಪತ್ತು ಡಿಗ್ರಿ ಚಿಲ್ಲರೆ ಆಗುತ್ತದೆ. ಸ್ಟೀರಿಯೊಗೆ ಹೇಳುವ ಲೆಕ್ಕ ಅರವತ್ತು ಡಿಗ್ರಿ. ಯಾವ ಸೌಂಡ್‌ಬಾರ್ ಆದರೂ ಇಲ್ಲಿ ಸೋಲುತ್ತದೆ; ಕೊಳ್ಳುವವರು ಇದನ್ನು ತಿಳಿದೇ ಕೊಳ್ಳಬೇಕು. ಹಾಡು ಕೇಳುವುದೇ ಮುಖ್ಯವಾದರೆ, ಜಾಗವೂ ಇದ್ದರೆ, ಬೇರೆ ಬೇರೆ ಸ್ಪೀಕರುಗಳೇ ಒಳ್ಳೆಯದು. ನಮ್ಮಲ್ಲಿ ಜಾಗವಿಲ್ಲ, ಮಾತು ಮುಖ್ಯ.

ತಗ್ಗಿನ ಸದ್ದಿಗೆ ನಾಲ್ಕು ಇಂಚಿನ ವೂಫರ್, ಮೇಲಿನ ಸದ್ದಿಗೆ ಒಂದು ಇಂಚಿನ ರೇಷ್ಮೆ ಡೋಮ್ ಟ್ವೀಟರ್ ಎಂದು ನಿರ್ಧರಿಸಿ, ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆಯಲ್ಲಿ ಅರ್ಧ ದಿನ ಸುತ್ತಿದೆ. ಕೆಪಾಸಿಟರ್, ಕಾಯಿಲ್, ಟರ್ಮಿನಲ್, ತಂತಿ ಎಲ್ಲ ಒಂದೇ ಸುತ್ತಿನಲ್ಲಿ ಸಿಕ್ಕಿತು. ಎಲ್ಲ ಸದ್ದನ್ನೂ ಒಂದೇ ಸ್ಪೀಕರ್ ನುಡಿಸುವ ಮೂರು ಇಂಚಿನ ಫುಲ್‌ರೇಂಜ್ ಹಾಕಿ, ಸದ್ದನ್ನು ವೂಫರಿಗೂ ಟ್ವೀಟರಿಗೂ ಹಂಚುವ ಕ್ರಾಸ್‌ಓವರಿನ ತಲೆನೋವೇ ಇಲ್ಲದಂತೆ ಮಾಡಬಹುದಿತ್ತು. ಮಾಡಲಿಲ್ಲ. ಸ್ಪೀಕರ್ ಚಿಕ್ಕದಾದಷ್ಟೂ ತೀರ ತಗ್ಗಿನ ಸದ್ದಿಗೆಂದೇ ಇರುವ ಪೆಟ್ಟಿಗೆ, ಅಂದರೆ ಸಬ್‌ವೂಫರ್, ಹೆಚ್ಚು ಮೇಲಿನವರೆಗೆ ದುಡಿಯಬೇಕು. ಸದ್ದಿನ ಸ್ಥಾಯಿಯನ್ನು ಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂದು, ಅಳೆಯುತ್ತಾರೆ. ಮೂರು ಇಂಚಿನದಾದರೆ 150 ಹರ್ಟ್ಜ್‌ವರೆಗೆ ಸಬ್‌ವೂಫರಿಗೇ ಬಿಡಬೇಕಾಗುತ್ತದೆ. ಗಂಡಸರ ದನಿಯ ಬುಡ ಇರುವುದು ಸುಮಾರು 85ರಿಂದ 155 ಹರ್ಟ್ಜ್ ನಡುವೆ. ಅಂದರೆ ಭಾಗವತರ ಮುಖ ಟಿವಿಯಲ್ಲಿ, ದನಿಯ ಅರ್ಧ ಮೂಲೆಯ ಪೆಟ್ಟಿಗೆಯಲ್ಲಿ! ನಾಲ್ಕು ಇಂಚಿನದು 100 ಹರ್ಟ್ಜ್‌ವರೆಗೆ ಇಳಿಯುತ್ತದೆ, ಅಲ್ಲಿಂದ ಕೆಳಗೆ ಸಬ್‌ವೂಫರ್.

ಈಗ ಅಮ್ಮನ ದೂರಿನ ವಿಷಯ. ಪೂರ್ತಿ ಪೆಟ್ಟಿಗೆ ಕೊಯ್ಯಿಸುವ ಮೊದಲು ನಡುವಿನ ಸ್ಪೀಕರನ್ನು ಮಾತ್ರ ಹಳೆಯ ಹಲಗೆಯಲ್ಲಿ ಕಟ್ಟಿ ನೋಡಿದೆ. ಅಂಗಡಿಯ ಸೆಂಟರ್ ಸ್ಪೀಕರುಗಳಲ್ಲಿ ನೀವೂ ನೋಡಿರುತ್ತೀರಿ: ನಡುವೆ ಟ್ವೀಟರ್, ಅಕ್ಕಪಕ್ಕ ಒಂದೊಂದು ವೂಫರ್, ಅಡ್ಡಡ್ಡ ಸಾಲು. ನೋಡಲು ಚೆಂದ, ಎತ್ತರವೂ ಕಡಿಮೆ. ನಾನೂ ಹಾಗೆಯೇ ಮಾಡಿದೆ. ಸೋಫಾದಲ್ಲಿ ಕೂತರೆ ಮಾತು ಗಾಜಿನಷ್ಟು ಸ್ವಚ್ಛ. ದಿವಾನದ ಮೇಲೆ ಕೂತೆ. ಕಂಬಳಿ ಹೊದಿಸಿದ ಹಾಗೆ. ಎದ್ದು ಸೋಫಾಕ್ಕೆ ಬಂದೆ, ಸ್ವಚ್ಛ. ಮತ್ತೆ ದಿವಾನಕ್ಕೆ, ಕಂಬಳಿ. ಅಮ್ಮ ಇಷ್ಟು ವರ್ಷ ಹೇಳಿದ್ದು ಇದನ್ನೇ.

ಕಾರಣ ಲೆಕ್ಕಕ್ಕೆ ಸಿಗುತ್ತದೆ. ಎರಡು ವೂಫರುಗಳ ನಡುವೆ 17 ಸೆಂ.ಮೀ. ಇತ್ತು. ದಿವಾನ ಇರುವುದು ನೇರ ದಿಕ್ಕಿನಿಂದ ಸುಮಾರು 37 ಡಿಗ್ರಿ ಓರೆಯಲ್ಲಿ. ಅಲ್ಲಿ ಕೂತವರಿಗೆ ಒಂದು ವೂಫರ್ ಇನ್ನೊಂದಕ್ಕಿಂತ ಹತ್ತು ಸೆಂ.ಮೀ. ದೂರ. ಸುಮಾರು 1,700 ಹರ್ಟ್ಜ್‌ನಲ್ಲಿ ಹತ್ತು ಸೆಂ.ಮೀ. ಎಂದರೆ ಸರಿಯಾಗಿ ಅರ್ಧ ಅಲೆ. ಒಂದರ ಉಬ್ಬು, ಇನ್ನೊಂದರ ತಗ್ಗು ಒಟ್ಟಿಗೆ ಬಂದು ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ವ್ಯಂಜನಗಳನ್ನು ಬೇರೆ ಬೇರೆಯಾಗಿ ಗುರುತಿಸಲು ಕಿವಿಗೆ ಬೇಕಾದ ಸದ್ದು ಹೆಚ್ಚಾಗಿ ಇರುವುದು ಇದೇ ಸುತ್ತಮುತ್ತ. ಲ್ಯಾಪ್‌ಟಾಪಿಗೆ ಅಳತೆಯ ಮೈಕ್ ಸಿಕ್ಕಿಸಿ, ರೂಮ್ ಇಕ್ಯೂ ವಿಝಾರ್ಡ್ ಎಂಬ ಉಚಿತ ತಂತ್ರಾಂಶದಲ್ಲಿ ದಿವಾನದ ತಲೆದಿಂಬಿನ ಹತ್ತಿರ ಅಳೆದೆ. ಗೆರೆ 1,700ರ ಆಸುಪಾಸಿನಲ್ಲಿ ಬಾವಿಗೆ ಬಿದ್ದ ಹಾಗೆ ಇಳಿದು ಮೇಲೆ ಬಂತು. ಅಮ್ಮನಿಗೆ ತೋರಿಸಿ, "ನೋಡಮ್ಮ, ನಿನ್ನ ಕಿವಿದೇನೂ ತಪ್ಪಿಲ್ಲ" ಅಂದೆ. "ನಾನು ಯಾವಾಗಲೇ ಹೇಳಲಿಲ್ವ" ಅಂದಳು.

ಹೀಗಾಗಿ ಅಡ್ಡ ಸಾಲು ಬಿಟ್ಟೆ. ಒಂದೇ ವೂಫರ್, ಅದರ ತಲೆಯ ಮೇಲೆ ಟ್ವೀಟರ್. ಮೂರೂ ಕಡೆ ಹಾಗೆಯೇ. ಒಂದರ ಮೇಲೊಂದು ಇದ್ದಾಗ ಈ ಅಳಿಸಾಟ ಮೇಲೆ ಕೆಳಗೆ ಆಗುತ್ತದೆಯೇ ಹೊರತು ಎಡಕ್ಕೆ ಬಲಕ್ಕೆ ಆಗುವುದಿಲ್ಲ. ಕೂತವರ ಕಿವಿಗಳೆಲ್ಲ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿರುವುದರಿಂದ ತೊಂದರೆಯಿಲ್ಲ. ಬಾರಿನ ಎತ್ತರ 19 ಸೆಂ.ಮೀ. ಆಯಿತು, ಟಿವಿಯನ್ನು ಎರಡು ಇಂಚು ಮೇಲೆ ಸರಿಸಬೇಕಾಯಿತು. ಸಿದ್ಧ ಬಾರ್ ಕೊಳ್ಳುವವರಿಗೂ ನಾನು ಹೇಳುವುದು ಇದೇ: ಮುಂಭಾಗದ ಬಟ್ಟೆ ತೆಗೆಸಿ ನೋಡಿ, ನಡುವಿನ ಭಾಗದಲ್ಲಿ ಏನಿದೆ ಎಂದು ಕೇಳಿ, ಆಮೇಲೆ ಅಂಗಡಿಯಲ್ಲಿ ನೇರ ಎದುರು ನಿಂತು ಕೇಳದೆ ಪಕ್ಕಕ್ಕೆ ಸರಿದು ಕೇಳಿ. ವಾರ್ತೆ ಓದುವ ದನಿ ಹಾಕಿಸಿದರೆ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಮರದ ಕೆಲಸಕ್ಕೆ ಆಚಾರ್ರು ಬಂದರು. ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆ ಸುಲಭ, ನುಣುಪಾಗಿ ಕೊಯ್ಯುತ್ತದೆ, ಇಂಟರ್ನೆಟ್ಟಿನ ತುಂಬ ಅದನ್ನೇ ಹೇಳುತ್ತಾರೆ. ಆಚಾರ್ರು ಮಾತ್ರ ಒಪ್ಪಲಿಲ್ಲ: "ನಮ್ಮೂರ ಮಳೆಗೆ ಅದು ಹಪ್ಪಳ ಆಗ್ತದೆ ಸಾರ್." ಅವರ ಮಾತು ಸರಿ. ಐಎಸ್ 710 ಗುರುತಿನ ಮರೀನ್ ಪ್ಲೈವುಡ್ ತಂದೆವು. ಬಾರಿಗೆ 12 ಮಿ.ಮೀ., ಸಬ್‌ವೂಫರಿಗೆ 18 ಮಿ.ಮೀ. ಬಾರಿನ ಆಳ 13 ಸೆಂ.ಮೀ. ಒಳಗೆ ಎರಡು ಅಡ್ಡಗೋಡೆ ಹಾಕಿ ಮೂರು ಕೋಣೆ ಮಾಡಿದೆವು, ಒಂದೊಂದೂ ಸುಮಾರು ಆರು ಲೀಟರ್. ಆ ಗೋಡೆಗಳನ್ನು ಬಿಡುವ ಹಾಗಿಲ್ಲ, ಬಿಟ್ಟರೆ ನಡುವಿನ ವೂಫರ್ ತಳ್ಳಿದ ಗಾಳಿ ಅಕ್ಕಪಕ್ಕದ ವೂಫರುಗಳನ್ನೂ ಅಲ್ಲಾಡಿಸುತ್ತದೆ. ಅಂಟಿಗೆ ಫೆವಿಕಾಲ್, ಸಂದಿಗೆ ಸಿಲಿಕಾನ್, ಒಳಗೆ ತುಂಬಲು ದಿಂಬಿಗೆ ಹಾಕುವ ರೆಕ್ರಾನ್ ಎಂಬ ಪಾಲಿಯೆಸ್ಟರ್ ನಾರು.

ಕ್ರಾಸ್‌ಓವರ್ 2,800 ಹರ್ಟ್ಜ್‌ಗೆ ಇಟ್ಟೆ. ಎಂಟು ಓಮ್‌ಗೆ ಪುಸ್ತಕದ ಲೆಕ್ಕ 0.9 ಮಿಲಿಹೆನ್ರಿ ಕಾಯಿಲ್, 3.5 ಮೈಕ್ರೊಫ್ಯಾರಡ್ ಕೆಪಾಸಿಟರ್. ವೂಫರಿಗೊಂದು ಜೊತೆ, ಟ್ವೀಟರಿಗೊಂದು ಜೊತೆ. ನಿಜವಾದ ವೂಫರ್ ಯಾವಾಗಲೂ ಎಂಟು ಓಮ್ ಆಗಿರುವುದಿಲ್ಲ, ಸದ್ದಿನ ಹರ್ಟ್ಜ್ ಏರಿದಂತೆ ಅದರ ಕಾಯಿಲಿನ ತಡೆಯೂ ಏರುತ್ತದೆ. ಅದನ್ನು ಹಿಡಿದಿಡಲು ವೂಫರಿಗೆ ಸಮಾನಾಂತರವಾಗಿ 8.2 ಓಮ್ ರೆಸಿಸ್ಟರ್, 10 ಮೈಕ್ರೊಫ್ಯಾರಡ್ ಕೆಪಾಸಿಟರ್ ಸೇರಿಸಿದೆ. ಎರಡು ಕಾಯಿಲುಗಳನ್ನು ಪಕ್ಕಪಕ್ಕ ಮಲಗಿಸಬೇಡಿ. ಒಂದನ್ನು ಮಲಗಿಸಿ ಇನ್ನೊಂದನ್ನು ನಿಲ್ಲಿಸಿ, ದೂರವೂ ಇಡಿ. ಹತ್ತಿರವಿದ್ದರೆ ಒಂದರ ಕಾಂತಕ್ಷೇತ್ರ ಇನ್ನೊಂದಕ್ಕೆ ನುಗ್ಗುತ್ತದೆ. ಈ ಬಗೆಯ ಕ್ರಾಸ್‌ಓವರಿನಲ್ಲಿ ಟ್ವೀಟರಿನ ಪ್ಲಸ್ ಮೈನಸ್ ತಿರುಗಿಸಿಯೇ ಕೊಡಬೇಕು, ಅದನ್ನು ಮರೆತರೆ ಎರಡೂ ಸೇರುವ ಜಾಗದಲ್ಲಿ ಸದ್ದು ಹಳ್ಳ ಬೀಳುತ್ತದೆ.

ಮೊದಲ ಸಲ ಹಾಡು ಹಾಕಿದ ರಾತ್ರಿ ಎದೆ ಧಸಕ್ಕೆಂದಿತು. ದನಿ ನಡುವೆ ನಿಲ್ಲದೆ ತಲೆಯ ಸುತ್ತ ತೇಲುತ್ತಿತ್ತು, ಕೆಳಗಿನ ಸದ್ದು ಪೊಳ್ಳು. ಅರ್ಧ ಗಂಟೆ ಕ್ರಾಸ್‌ಓವರನ್ನೇ ಅನುಮಾನಿಸಿ ಕೂತೆ. ಆಮೇಲೆ ಅದೇ ಹಳೆಯ ಸೆಲ್ ನೆನಪಾಯಿತು. ಬಾರಿನ ಹಿಂದಿನ ಕೆಂಪು ಟರ್ಮಿನಲ್ಲಿಗೆ ಸೆಲ್ಲಿನ ಪ್ಲಸ್, ಕಪ್ಪಿಗೆ ಮೈನಸ್ ಒಂದು ಕ್ಷಣ ಮುಟ್ಟಿಸಿ ವೂಫರಿನ ಕೋನ್ ನೋಡಬೇಕು. ಬಲದ್ದು ಮುಂದೆ ಬಂತು, ನಡುವಿನದು ಮುಂದೆ ಬಂತು, ಎಡದ್ದು ಹಿಂದೆ ಸರಿಯಿತು. ಒಳಗೆ ತಂತಿ ಅದಲುಬದಲಾಗಿತ್ತು. ಎರಡು ಸ್ಕ್ರೂ ಬಿಚ್ಚಿ ಸರಿಮಾಡಿದೆ, ದನಿ ಬಂದು ಟಿವಿಯ ಕೆಳಗೆ ಕೂತಿತು. ಪೆಟ್ಟಿಗೆ ಮುಚ್ಚುವ ಮೊದಲೇ ಈ ಪರೀಕ್ಷೆ ಮಾಡಿಕೊಳ್ಳಿ.

ಸಬ್‌ವೂಫರಿನಲ್ಲಿ ನಮ್ಮ ಕಡೆ ತುಂಬ ಜನ ಎಡವುವ ಒಂದು ಜಾಗವಿದೆ. ಹಳೆಯ 'ಹೋಮ್ ಥಿಯೇಟರ್' ಸೆಟ್ಟುಗಳ ಸಬ್‌ವೂಫರ್ ಹೆಚ್ಚಿನವು ಪ್ಯಾಸಿವ್, ಆಂಪ್ಲಿಫೈಯರ್ ಇರುವುದು ಡಿವಿಡಿ ಪೆಟ್ಟಿಗೆಯಲ್ಲಿ. ಆ ಪೆಟ್ಟಿಗೆ ಕೆಟ್ಟ ಮೇಲೆ ಸಬ್‌ವೂಫರನ್ನು ಹೊಸ ರಿಸೀವರಿಗೆ ಜೋಡಿಸಲು ಹೋಗುತ್ತಾರೆ. ರಿಸೀವರಿನ 'ಸಬ್ ಔಟ್' ತೂತಿನಿಂದ ಬರುವುದು ಬರೀ ಸಂಕೇತ, ಅದರಲ್ಲಿ ಕೋನ್ ತಳ್ಳುವ ಶಕ್ತಿ ಇಲ್ಲ. ಹಾಗೆಂದು ಸ್ಪೀಕರ್ ಟರ್ಮಿನಲ್ಲಿಗೆ ಕೊಟ್ಟರೆ, ಅಂಥ ಸೆಟ್ಟುಗಳ ವೂಫರ್ ಮೂರು ಓಮ್‌ನದೂ ಇರುತ್ತದೆ. ನಾಲ್ಕೋ ಆರೋ ಓಮ್‌ಗಿಂತ ಕಡಿಮೆ ಬೇಡ ಎಂದು ಬರೆದಿರುವ ರಿಸೀವರ್ ಬಿಸಿಯಾಗಿ ಆರಿಹೋಗುತ್ತದೆ. ಪ್ಯಾಸಿವ್ ಸಬ್‌ವೂಫರಿಗೆ ನಡುವೆ ಒಂದು ಆಂಪ್ಲಿಫೈಯರ್ ಬೇಕೇ ಬೇಕು.

ನಾನು ಆರಿಸಿದ್ದು ಹತ್ತು ಇಂಚಿನ ನಾಲ್ಕು ಓಮ್ ವೂಫರ್. ಕೊಳ್ಳುವಾಗ ವಾಟ್ ನೋಡಲಿಲ್ಲ, ಮೂರು ಅಂಕಿ ನೋಡಿದೆ: ಎಫ್ಎಸ್ (ವೂಫರ್ ತಾನಾಗಿ ಅದುರುವ ವೇಗ) 28 ಹರ್ಟ್ಜ್, ಕ್ಯೂಟಿಎಸ್ (ಆ ಅದುರು ಎಷ್ಟು ಬೇಗ ಅಡಗುತ್ತದೆ ಎಂಬ ಅಂಕಿ) 0.45, ವಿಎಎಸ್ (ಕೋನಿನಷ್ಟೇ ಬಿಗುವಿರುವ ಗಾಳಿಯ ಗಾತ್ರ) 60 ಲೀಟರ್. ಥೀಲ್, ಸ್ಮಾಲ್ ಎಂಬ ಇಬ್ಬರು ಎಂಜಿನಿಯರುಗಳು ಆಸ್ಟ್ರೇಲಿಯಾದಲ್ಲಿ ರೂಪಿಸಿದ ಈ ಲೆಕ್ಕ ಇಲ್ಲದಿದ್ದರೆ ಪೆಟ್ಟಿಗೆ ಕಟ್ಟುವುದು ಕಣ್ಣುಕಟ್ಟಿ ನಡೆದ ಹಾಗೆ. ಮುಚ್ಚಿದ ಪೆಟ್ಟಿಗೆಯ ಹದ (ಪೆಟ್ಟಿಗೆಯಲ್ಲಿ ಕೂತ ವೂಫರಿನ ಕ್ಯೂ ಅಂಕಿ) 0.707 ಬರಬೇಕೆಂದರೆ ಈ ವೂಫರಿಗೆ 41 ಲೀಟರ್ ಬೇಕು, ಆಗ ಪೆಟ್ಟಿಗೆಯ ಅನುರಣನ 44 ಹರ್ಟ್ಜ್. ಹೊರಗಿನಿಂದ 39 ಸೆಂ.ಮೀ. ಘನ ಮಾಡಿದರೆ ಒಳಗೆ 44 ಲೀಟರ್, ವೂಫರ್ ಮತ್ತು ಆಧಾರದ ಪಟ್ಟಿ ಕಳೆದರೆ ಸರಿಯಾಗಿ ಕೂರುತ್ತದೆ. ಗಾಳಿಯಾಡುವ ತೂತು, ಅಂದರೆ ಪೋರ್ಟ್, ಇರುವ ಪೆಟ್ಟಿಗೆ ಇನ್ನೂ ಜೋರು ಕೊಡುತ್ತಿತ್ತು. ನನಗೆ ಬೇಕಾದ್ದು ಮದ್ದಳೆಯ ಪೆಟ್ಟು: ಬಿದ್ದ ಕೂಡಲೇ ಕೇಳಬೇಕು, ಮುಗಿದ ಕೂಡಲೇ ನಿಲ್ಲಬೇಕು. ಅದಕ್ಕೆ ಮುಚ್ಚಿದ ಪೆಟ್ಟಿಗೆಯೇ ನನ್ನ ಆಯ್ಕೆ. ಜಂಬಿಟ್ಟಿಗೆಯ ದಪ್ಪ ಗೋಡೆಯ ಹಾಲಿನಲ್ಲಿ ತಗ್ಗಿನ ಸದ್ದು ಹೊರಗೆ ಸೋರುವುದೂ ಕಡಿಮೆ.

ಆಂಪ್ಲಿಫೈಯರನ್ನು ಬೇಕೆಂದೇ ಪೆಟ್ಟಿಗೆಯ ಹೊರಗಿಟ್ಟೆ. ಒಳಗಿಟ್ಟರೆ ಅದರ ಬೆಸುಗೆಗಳು ದಿನವೂ ಅದುರಬೇಕು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎ3255 ಚಿಪ್ಪಿನ ಬೋರ್ಡ್, ಅದಕ್ಕೆ ಕರೆಂಟು ಕೊಡಲು 36 ವೋಲ್ಟ್ 10 ಆಂಪಿಯರಿನ ಎಸ್‌ಎಂಪಿಎಸ್ ಪವರ್ ಸಪ್ಲೈ. ನಾಲ್ಕು ಓಮ್‌ಗೆ 150 ವಾಟ್ ಹತ್ತಿರ ಬರುತ್ತದೆ, ನಮ್ಮ ಹಾಲಿಗೆ ಧಾರಾಳ. ಈ ಚಿಪ್ಪಿನಲ್ಲಿ ಸ್ಪೀಕರಿನ ಮೈನಸ್ ಎಂದರೆ ಗ್ರೌಂಡ್ ಅಲ್ಲ, ಎರಡೂ ತಂತಿಯಲ್ಲಿ ವೋಲ್ಟೇಜ್ ಇರುತ್ತದೆ. ಮೈನಸ್ಸನ್ನು ಬೋರ್ಡಿನ ಗ್ರೌಂಡಿಗೋ ತಗಡಿನ ಡಬ್ಬಿಗೋ ಮುಟ್ಟಿಸಬೇಡಿ.

ಪೆಟ್ಟಿಗೆ ಸೋರುತ್ತದೆಯೇ ಎಂದು ನೋಡಲು ಅಮ್ಮನ ದೇವರ ಗೂಡಿನಿಂದ ಒಂದು ಊದುಬತ್ತಿ ತಂದೆ. 25 ಹರ್ಟ್ಜ್ ಸದ್ದು ಸಣ್ಣಗೆ ಹಾಕಿ ಸಂದಿಗಳ ಉದ್ದಕ್ಕೂ ಹೊಗೆ ಹಿಡಿದು ಬಂದೆ. ನಾಲ್ಕು ಅಂಚಿನಲ್ಲೂ ಹೊಗೆ ನೆಟ್ಟಗೆ ಏರಿತು. ಟರ್ಮಿನಲ್ ಕೂರಿಸಿದ ಬಟ್ಟಲಿನ ಬಲಗಡೆ ಬಂದಾಗ ಎಳೆ ಒಡೆದು ನಡುಗಿತು. ಬೆರಳು ಇಟ್ಟೆ, ನೆಟ್ಟಗಾಯಿತು. ತೆಗೆದೆ, ಮತ್ತೆ ನಡುಕ. ಅಲ್ಲಿಗೆ ಫೋಮ್ ಟೇಪ್ ಸುತ್ತಿ ಮತ್ತೆ ಬಿಗಿದೆ.

ಎಲ್ಲಿಡಬೇಕು ಎನ್ನುವುದಕ್ಕೆ ಒಂದು ಇಡೀ ಭಾನುವಾರ ಹೋಯಿತು. ಹದಿನಾಲ್ಕು ಅಡಿ ಉದ್ದಕ್ಕೆ 40 ಹರ್ಟ್ಜ್, ಹನ್ನೊಂದು ಅಡಿಗೆ 51 ಹರ್ಟ್ಜ್; ಈ ಎರಡು ಸದ್ದು ನಮ್ಮ ಗೋಡೆಗಳ ನಡುವೆ ನಿಂತುಬಿಡುತ್ತವೆ. ಮೂಲೆಯಲ್ಲಿಟ್ಟಾಗ ಎರಡೂ ಕೆರಳಿ, ಒಂದು ಬಡಿತಕ್ಕೆ ಕಿಟಕಿಯ ಗಾಜೂ ಸೇರಿ ಗುಂಯ್ ಅಂದವು. ಆಗ ಹಳೆಯ ಉಪಾಯ ಮಾಡಿದೆ: ಸಬ್‌ವೂಫರನ್ನು ಅಮ್ಮನ ದಿವಾನದ ಮೇಲೆಯೇ ಎತ್ತಿಟ್ಟು, ಮದ್ದಳೆ ಹಾಕಿ, ನೆಲದ ಮಟ್ಟದಲ್ಲಿ ಕಿವಿಯಿಟ್ಟುಕೊಂಡು ಗೋಡೆಯುದ್ದಕ್ಕೂ ಸರಿದೆ. ಎಲ್ಲಿ ಪೆಟ್ಟು ಬಿಡಿಬಿಡಿಯಾಗಿ ಕೇಳುತ್ತದೋ ಅದೇ ಜಾಗ. ಟಿವಿ ಗೋಡೆಯ ನಡುವಿಗೆ ಹತ್ತಿರ, ಬಾರಿನ ಕೆಳಗೇ ಅದು ಸಿಕ್ಕಿತು. ಅಗಲದ ನಟ್ಟನಡುವೆ 51 ಹರ್ಟ್ಜ್‌ನ ಒತ್ತಡ ಸೊನ್ನೆ, ಹಾಗಾಗಿ ಅಲ್ಲಿಂದ ಅದು ಕೆರಳುವುದಿಲ್ಲ. ಬಾರಿಗೆ ಇಷ್ಟು ಹತ್ತಿರ ಇರುವುದರಿಂದ 100 ಹರ್ಟ್ಜ್‌ನ ಹೊಲಿಗೆಯೂ ಕಾಣುವುದಿಲ್ಲ. 40 ಮಾತ್ರ ಉಳಿಯಿತು. ಸೋಫಾವನ್ನು ಹಿಂದಿನ ಗೋಡೆಯಿಂದ ಒಂದಿಷ್ಟು ಮುಂದೆ ಎಳೆದೆ, ಅಲ್ಲಿ ಅದು ಸ್ವಲ್ಪ ತಗ್ಗಿತು.

ರಿಸೀವರಿನ ಮೈಕ್ ಇಟ್ಟು ಅಳತೆ ಮಾಡಿಸಿದ ಮೇಲೂ ಮೆನು ತೆರೆದು ನೋಡಬೇಕು. ನಮ್ಮದು ಬಾರನ್ನು 'ಲಾರ್ಜ್' ಎಂದು, ಅಂದರೆ ತಗ್ಗಿನ ಸದ್ದನ್ನೂ ತಾನೇ ನುಡಿಸಬಲ್ಲದೆಂದು, ಬರೆದುಕೊಂಡಿತ್ತು. ಮೂರನ್ನೂ 'ಸ್ಮಾಲ್' ಮಾಡಿ, ಬಾರಿಗೂ ಸಬ್‌ವೂಫರಿಗೂ ಸದ್ದು ಹಂಚುವ ರಿಸೀವರಿನ ಕ್ರಾಸ್‌ಓವರ್ 100ಕ್ಕೆ ಇಟ್ಟೆ. ಆಮೇಲೆ ಸಬ್‌ವೂಫರಿನ ಫೇಸ್ (ಕೋನ್ ಮುಂದೆ ಹಿಂದೆ ಆಡುವ ದಿಕ್ಕು) ತಿರುಗಿಸಿ ಎರಡೂ ರೀತಿ ಕೇಳಿ, ಮದ್ದಳೆ ತುಂಬಿ ಬಂದದ್ದನ್ನು ಉಳಿಸಿಕೊಂಡೆ. ಸಣ್ಣಗೆ ಗುಯ್‌ಗುಡುವ ಸದ್ದೊಂದು ಕಾಡುತ್ತಿತ್ತು. ಡಿಶ್ಶಿನ ಕೇಬಲ್ ಕಿತ್ತರೆ ನಿಲ್ಲುತ್ತಿತ್ತು. ತಂತಿಗಳ ಗ್ರೌಂಡ್ ಕೊಂಡಿ ಕಡಿಯುವ ಐಸೊಲೇಟರ್ ಒಂದನ್ನು ಹಾಕಿದ ಮೇಲೆ ಹೋಯಿತು. ಸ್ಪೀಕರ್ ತಂತಿ 1.5 ಚದರ ಮಿ.ಮೀ. ತಾಮ್ರದ್ದು, ಐದು ಮೀಟರಿಗೆ ಇದಕ್ಕಿಂತ ದಪ್ಪ ಬೇಕಿಲ್ಲ.

ಮೊನ್ನೆ ಸಂಜೆ ಅಮ್ಮ ಒಂದು ತಾಳಮದ್ದಳೆ ಹಾಕಿಕೊಂಡು ದಿವಾನದ ಮೇಲೆ ಕಾಲು ಚಾಚಿ ಕೂತಿದ್ದಳು. ವಾಲ್ಯೂಮ್ ಹಿಂದಿಗಿಂತ ಕಡಿಮೆಯಿತ್ತು. ಒಂದು ಮಾತಿಗೆ ತಾನೊಬ್ಬಳೇ ನಕ್ಕಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ.

ಬಾರಿನ ಮುಂಭಾಗದ ಬಟ್ಟೆ ಇನ್ನೂ ಕಟ್ಟಿಲ್ಲ. ಬಾಯಿಂದ ಊದಿದರೆ ಗಾಳಿ ಆ ಕಡೆ ಸಲೀಸಾಗಿ ಹೋಗುವಂಥ ತೆಳು ಬಟ್ಟೆ ಹುಡುಕುತ್ತಿದ್ದೇನೆ. ಕ್ರಾಸ್‌ಓವರಿನ ಅಳತೆಗಳು, ತಂತಿಯ ಬಣ್ಣ, ವೂಫರಿನ ಮೂರು ಅಂಕಿ ಎಲ್ಲವನ್ನೂ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಬಾರಿನ ಹಿಂಬದಿಯ ಹಲಗೆಗೆ ಒಳಗಿನಿಂದ ಅಂಟಿಸಿದ್ದೇನೆ, ಮುಂದೆ ಯಾವತ್ತೋ ಬಿಚ್ಚುವವರಿಗೆ ಸಿಗಲಿ ಎಂದು.